ಮೀಟರ್ ಓದುವವನು

ತಿಬಿಲಿಸಿಯ ಹಳೆ ಮಹಡಿಮನೆಗಳಲ್ಲಿ
ಗ್ಯಾಸ್ ಮೀಟರು ಅಡುಗೆಮನೆಯ ಗೋಡೆಗೇ.
ಅದಕ್ಕೇ ಜುರಾಬನನ್ನು ಕೇಳಿದೆ:
ಜನ ಮನೇಲಿ ಅಡುಗೆ ಚೆನ್ನಾಗಿ ಮಾಡ್ತಾರೇನಪ್ಪಾ?

ಎಲ್ಲಿ! ಅಂದ.
ಹತ್ತು ಬಾಗಿಲು ತಟ್ಟಿದರೆ
ಏಳರಲ್ಲಿ ತಳ ಹಿಡಿದ ವಾಸನೆ.
ಎತೆರಿಯ ಕಾಳಿಗೆ ಉಪ್ಪು ಎರಡು ಸಲ,
ಹಾಕಬೇಕೆಂದು ಒಮ್ಮೆ,
ಹಾಕಿದ್ದು ಮರೆತು ಇನ್ನೊಮ್ಮೆ.
ಮೇಲಿನ ಪಿಟೀಲು ಮೇಷ್ಟ್ರ ಬದನೆಕಾಯಿ
ಅಕ್ರೋಟಿನ ಗೊಜ್ಜಿನಲ್ಲೂ ಹಸಿಹಸಿ,
ಕಚ್ಚಿದರೆ ಕೀಂಯ್ ಅನ್ನುತ್ತೆ.

ಆದರೂ ಅಂಕಿ ಬರೆದುಕೊಳ್ಳುವಾಗ
ಕೆಳಗೊಂದು ಅಂಗೈ ಒಡ್ಡಿಕೊಂಡು
ಚಮಚ ಬಾಯಿಯ ಹತ್ತಿರ ಬಂದೇ ಬರುತ್ತೆ:
ನೋಡು, ಹೇಗಿದೆ?

ನಿನ್ನ ಮನೆ ಮೀಟರು?

ಜುರಾಬ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ.
ಮಾರ್ಚಿನಿಂದ ಅಲ್ಲಾಡಿಲ್ಲ.
ದಿನಕ್ಕೆ ನಲವತ್ತು ಮನೆ,
ನಲವತ್ತು ಚಮಚ.
ಲೆಕ್ಕ ಹಾಕು.