ತಿರುಪು

ಉಲಾನ್‌ಬಾತರಿನಲ್ಲಿ ನವೆಂಬರ್ ಬಂತೆಂದರೆ
ಗುಡ್ಡದ ಮೇಲಿನ ಗುಡಾರಗಳೆಲ್ಲ ಒಟ್ಟಿಗೇ ಒಲೆ ಹಚ್ಚುತ್ತವೆ.
ಕಲ್ಲಿದ್ದಲ ಹೊಗೆ ಇಳಿದು ಬಂದು
ನನ್ನ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತದೆ,
ಸಾಲ ವಸೂಲಿಗೆ ಬಂದವನ ಹಾಗೆ.

ನಾನು ಸೊದ್ನೊಮ್. ಗಡಿಯಾರ ರಿಪೇರಿ.
ನಲವತ್ತೊಂದು ವರ್ಷ ಊರಿನವರ ಹೊತ್ತು ಸರಿಮಾಡಿದೆ;
ನನ್ನದು ಎದೆಯಲ್ಲಿ ಸಿಳ್ಳೆ ಹೊಡೆಯುತ್ತದೆ.

ಡ್ರಾಯರಿನಲ್ಲಿ ಎರಡು ಪಂಪು.
ನೀಲಿಯದು ಸಾಲ್‌ಬ್ಯುಟಮಾಲ್, ಅವಸರದ ಆಸಾಮಿ.
ಒತ್ತಿ, ಉಸಿರು ಹಿಡಿದು, ಸೆಕೆಂಡಿನ ಮುಳ್ಳು ನೋಡುತ್ತೇನೆ:
ಮೂರನೇ ಸುತ್ತಿಗೆ ಅಗುಳಿ ಸಡಿಲ,
ಐದಕ್ಕೆ ಒಳಗೆ ಯಾರೋ ಕಿಟಕಿ ತೆಗೆದರು.
ಬಂದವನು ಸುಮ್ಮನೆ ಕೂರುವವನಲ್ಲ.
ಎದೆಗೆ ಕುದುರೆ ಕಟ್ಟುತ್ತಾನೆ, ಬೆರಳಿಗೆ ನಡುಕ ಹಚ್ಚುತ್ತಾನೆ.
ಚಿಮುಟದ ತುದಿಯಲ್ಲಿದ್ದ ತಿರುಪು, ಸಾಸಿವೆಯ ಕಾಲುಭಾಗ,
ಟಿಣ್ಣೆಂದು ಹಾರಿ ನೆಲದ ಪಾಲು.
ಹುಡುಕಲು ಬಗ್ಗಿದರೆ ಮತ್ತೆ ಏದುಸಿರು.

ಇನ್ನೊಂದು ಇಪ್ರಾಟ್ರೋಪಿಯಂ. ಹೆಸರು ಹೇಳುವುದೇ ಮುಗಿಯುವುದಿಲ್ಲ,
ಕೆಲಸವೂ ಹಾಗೇ.
ಕಾಲು ಗಂಟೆ, ಒಮ್ಮೊಮ್ಮೆ ಇನ್ನೂ ಹತ್ತು ನಿಮಿಷ,
ಬಾಯಿ ಒಣಗಿಸಿ, ನಾಲಿಗೆಗೆ ಕಹಿ ಸವರಿ,
ಮೊಣಕಾಲು ನೋವಿನ ಹಿರಿಯಳಂತೆ
ಮೆಟ್ಟಿಲು ಮೆಟ್ಟಿಲಿಗೆ ನಿಂತು ಬರುತ್ತದೆ.
ಕೈ ಮಾತ್ರ ಕಲ್ಲು.

ಔಷಧಿ ಅಂಗಡಿಯ ನ್ಯಾಮ್‌ಜಾವ್ ಮೂರನೆಯದೊಂದು ತೋರಿಸಿದಳು:
"ನೀಲಿಯದರಲ್ಲಿ ಅಣುವೂ ಇದೆ, ಅದರ ಕನ್ನಡಿಬಿಂಬವೂ ಇದೆ.
ಇದರಲ್ಲಿ ಬಿಂಬ ತೆಗೆದಿದ್ದಾರೆ.
ನಡುಕ ಕಡಿಮೆ ಅನ್ನುತ್ತಾರೆ ಕೆಲವರು."
"ಉಳಿದವರು?"
"ಬೆಲೆ ಜಾಸ್ತಿ ಅನ್ನುತ್ತಾರೆ."
ಅರ್ಧ ತೆಗೆದು ದುಪ್ಪಟ್ಟು ದುಡ್ಡೇ ಅಂದೆ.
ಅವಳು ನಕ್ಕಳು. ನನ್ನ ನಗು ಕೆಮ್ಮಾಯಿತು.

ಹಾಗಾಗಿ ಸಣ್ಣ ಕೆಲಸವಿದ್ದ ಬೆಳಿಗ್ಗೆ ನಿಧಾನದ್ದು,
ಜೇಬಿನಲ್ಲಿ ಸದಾ ನೀಲಿಯದು.
ಇದೇ ನನ್ನ ಒಪ್ಪಂದ. ಡಾಕ್ಟರೂ ತಲೆಯಾಡಿಸಿದ್ದಾರೆ,
ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಮಂಗಳವಾರ ಅಂಖ್ಮಾ ಬಂದಳು, ಶಾಲೆಯ ಚೀಲ, ಮೂಗಿಗೆ ಮಫ್ಲರ್.
ತಾತ ರೈಲು ಓಡಿಸುವಾಗ ಇಟ್ಟುಕೊಂಡಿದ್ದ ಗಡಿಯಾರ
ಮೇಜಿನ ಮೇಲಿಟ್ಟಳು, ಏನೋ ಹೇಳಹೊರಟಳು.
ಮಾತಿನ ಬದಲು ಸಿಳ್ಳೆ ಬಂತು.
ನನ್ನದೇ ರಾಗ, ಎಳೆಯ ಗಂಟಲಲ್ಲಿ.
ಅವಳ ಪಂಪು ಅಲುಗಾಡಿಸಿದರೆ ಬರೀ ಗಾಳಿ.

ಇಷ್ಟು ದಿನ ತೂಗಿದ ತಕ್ಕಡಿ ಯಾರು ಕೇಳಿದರು?
ಕೈ ತಾನಾಗಿ ಜೇಬಿಗೆ ಹೋಯಿತು.
ಒಂದು. ತಡೆ. ಇನ್ನೊಂದು.
ಗೋಡೆಯ ಹನ್ನೆರಡು ಗಡಿಯಾರಗಳಲ್ಲಿ
ಸರಿಯಾದ ಒಂದನ್ನೇ ಇಬ್ಬರೂ ನೋಡಿದೆವು.

ನಾಲ್ಕನೇ ಸುತ್ತಿಗೆ ತುಟಿಗೆ ಬಣ್ಣ ಬಂತು.
"ಅಜ್ಜಾ, ನನ್ನ ಬೆರಳು ಕುಣೀತಿದೆ!"
ಕುಣಿಯಲಿ ಬಿಡು, ದೀಪ ಹಿಡಿ ಅಂದೆ.

ತಾತನ ಗಡಿಯಾರದ ಬೆನ್ನು ಬಿಚ್ಚಿದೆ.
ಬೆಳಕು ಅತ್ತಿತ್ತ ನಡುಗುತ್ತಿತ್ತು.
ತಿರುಪು ನಿಂತಿತು.