ಉರವಿಡಂ

ಪೆರ್ಲದಿಂದ ಏಳೂವರೆಯ ಬಸ್ಸು. ಮಡಿಲಲ್ಲಿ ಮೂರು ಬಾಟಲಿ.
ಮಾಸ್ಟ್ರು ಅಂಟಿಸಿದ ಚೀಟಿ ಮೂರಕ್ಕೂ:
ಸುರಂಗ, ಬೋರು, ನಳ್ಳಿ.
ಶಾಲೆಯಲ್ಲಿ ಗಂಜಿ ಬೇಯಿಸುವವಳು ನಾನು.
ಈ ವರ್ಷ ನೀರಿಗೂ ಸರ್ಟಿಫಿಕೇಟು ಬೇಕಂತೆ,
ಮಕ್ಕಳಿಗೆ ಟಿ.ಸಿ. ಇದ್ದ ಹಾಗೆ.

ಬದಿಯಡ್ಕ ದಾಟುವಾಗ ಗಂಟಲು ಒಣಗಿತು.
ಮಡಿಲ ತುಂಬ ನೀರು, ಕುಡಿಯುವ ಹಾಗಿಲ್ಲ.
ಒಂದೊಂದೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.
ಬೋರಿನದ್ದರ ತಳದಲ್ಲಿ ಚೂರು ಕೆಂಪು,
ಉಳಿದೆರಡು ಅವಳಿಜವಳಿ.

ವಿದ್ಯಾನಗರದಲ್ಲಿ ಇಳಿದು ಇಪ್ಪತ್ತು ರೂಪಾಯಿ ಕೊಟ್ಟೆ.
ಮುಚ್ಚಳ ಕರಕ್ಕೆಂದಿತು.
ತಣ್ಣಗಿತ್ತು. ತಣ್ಣಗಿನ ಹಿಂದೆ ಏನೂ ಇರಲಿಲ್ಲ,
ಮಣ್ಣಿಲ್ಲ, ಕಲ್ಲಿಲ್ಲ, ಯಾರ ಮನೆಯ ನೆನಪೂ ಇಲ್ಲ.
ಸುಳ್ಳು ಯಾಕೆ ಹೇಳಲಿ,
ನಿಂತಲ್ಲೇ ಅರ್ಧ ಮುಗಿಸಿದೆ.
ಚೀಟಿ ತಿರುಗಿಸಿ ಓದಿದರೆ
ಒಂದು ಫೋನ್ ನಂಬರು, ಒಂದು ಪ್ಲಾಟ್ ನಂಬರು.

ತಂಗಿ ನೆಲ್ಲಿಕುಂಜೆಯಲ್ಲಿದ್ದಾಳೆ.
ಎಪ್ರಿಲಿನಲ್ಲಿ ಅವಳ ನಳ್ಳಿಗೆ ಕಡಲು ಬರುತ್ತದೆ,
ಹೊಳೆ ಸೋತು ಸಪೂರವಾದಾಗ
ಹಿಂಬಾಗಿಲಿನಿಂದ ಹತ್ತಿ ಬರುವ ನೆಂಟನ ಹಾಗೆ.
“ಗಂಜಿಗೆ ಉಪ್ಪಿನ ಖರ್ಚಿಲ್ಲ ಮಾರಾಯ್ತಿ” ಎಂದು ನಗುತ್ತಾಳೆ.
ಕೂಸಿನ ಹಾಲುಪುಡಿಗೆ ಕ್ಯಾನಿನ ನೀರು.
ಆ ಲೆಕ್ಕ ಹೇಳುವಾಗ ನಗುವುದಿಲ್ಲ.

ಲ್ಯಾಬಿನಲ್ಲಿ ಸಜ್ನಾ ಎಂಬ ಹುಡುಗಿ ಫಾರ್ಮು ಕೊಟ್ಟಳು.
ಮಲಯಾಳ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ:
ಉರವಿಡಂ.
ಎಲ್ಲಿ ಒಸರುತ್ತದೋ ಆ ಜಾಗ.
ಕಿಣರ್, ಕುಳಲ್‌ಕಿಣರ್, ಪೈಪ್, ಮಟ್ಟುಳ್ಳವ.
ಸುರಂಗಕ್ಕೆ ಚೌಕ ಇಲ್ಲ.
ಎರಡು ಬೇಸಗೆ ಗುಡ್ಡದ ಪಕ್ಕೆಗೆ ಅಡ್ಡಕ್ಕೆ ಹೊಕ್ಕು
ಮುರಕಲ್ಲಿನಲ್ಲಿ ಅಪ್ಪ ಕೊರೆದ ಐವತ್ತಮೂರು ಕೋಲು,
ಮೊಂಬತ್ತಿ ಉರಿದರೆ ಮುಂದಕ್ಕೆ,
ನಂದಿದರೆ ಅಂಬೆಗಾಲಲ್ಲಿ ಹಿಂದಕ್ಕೆ —
ಮಟ್ಟುಳ್ಳವ. ಇತರೆ.
ಟಿಕ್ ಹಾಕಿದೆ.

ಚೀಲದಲ್ಲಿ ಉಳಿದ ಅರ್ಧ ಬಾಟಲಿ ತೋರಿಸಿ
“ಇದನ್ನೂ ನೋಡಬಹುದಾ?” ಎಂದೆ.
“ಅದಕ್ಕೆ ಸೀಲು ಉಂಟಲ್ಲ ಚೇಚಿ” ಎಂದಳು.

ಎಂಟು ದಿನಕ್ಕೆ ಕಾಗದ ಬಂತು.
ನಳ್ಳಿ ಪಾಸು.
ಬೋರಿನಲ್ಲಿ ಕಬ್ಬಿಣ ಜಾಸ್ತಿ.
ಸುರಂಗದ್ದು ಹುಳಿ ಗುಣ, ಕೋಲಿಫಾರಂ ಉಂಟು,
ಹಾಗೆಯೇ ಕುಡಿಯಬಾರದು.
“ಒಳಗೆ ಬಾವಲಿ ಉಂಟಾ?” ಫೋನಿನಲ್ಲಿ ಕೇಳಿದಳು ಸಜ್ನಾ.
ಇವೆ. ನನಗಿಂತ ಮೊದಲಿನಿಂದ ಇವೆ.

ಅಪ್ಪನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಕಳೆದೆ.
ಹೇಳಿದಾಗ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ.
“ಅದರೊಳಗೆ ಬೆವರಿದ್ದೇನೆ, ಉಗಿದಿದ್ದೇನೆ,
ಹೆದರಿ ಒಮ್ಮೆ ಉಚ್ಚೆಯೂ ಹೊಯ್ದಿದ್ದೇನೆ.
ಶುದ್ಧ ಎಲ್ಲಿಂದ ಬರಬೇಕು?
ಕುದಿಸಿ ಕೊಡು, ಮಕ್ಕಳಲ್ಲವಾ.”

ಈಗ ಎಂಟೂವರೆಗೇ ದೊಡ್ಡ ಚರಿಗೆ ಒಲೆಯ ಮೇಲೆ.
ಒಂದು ಹಿಡಿ ಜೀರಿಗೆ.
ಮೂರನೇ ಕ್ಲಾಸಿನ ಅನ್ಸಾರ್ ಕುಡಿದು,
ಖಾಲಿಯಾದ ಆ ಇಪ್ಪತ್ತು ರೂಪಾಯಿಯ ಬಾಟಲಿಗೂ ತುಂಬಿಸಿಕೊಂಡು ಹೋಗುತ್ತಾನೆ.
ಹಬೆಯಲ್ಲಿ ಮೊದಲು ಜೀರಿಗೆ,
ಅದರ ಹಿಂದೆ ಕೆಂಪು ಕಲ್ಲು,
ತುಂಬ ಹಿಂದೆ, ಆಗ ತಾನೇ ನಂದಿದ ಮೊಂಬತ್ತಿ.
ಬೇರೆಯವರಿಗೂ ಬರುತ್ತದಾ ಈ ವಾಸನೆ,
ಕೇಳಿಲ್ಲ.