ಮುಟ್ಟಿದ ಕಾಯಿ

ಆಷಾಢದಲ್ಲಿ ಛತ್ರಕ್ಕೆ ಅರ್ಧ ಬಾಡಿಗೆ.
ರಾಜಾಜಿನಗರದ ಈ ಛತ್ರದಲ್ಲಿ, ಹಸೆಮಣೆ ಹಾಕುವ ಕಡೆ
ಒಂದರಿಂದ ಎಂಟನೇ ಬೋರ್ಡು;
ಮಿಕ್ಕ ಇನ್ನೂರು ಜನ ಊಟದ ಮನೆಯಲ್ಲಿ,
ಎಲೆ ಹಾಕುವ ಉದ್ದನೆ ಮೇಜುಗಳ ಮೇಲೆ.
ಎಷ್ಟು ಒರೆಸಿದರೂ ಸಾರಿನ ವಾಸನೆ.

ನಾನು ತೀರ್ಪುಗಾರ.
ಐಟಿಐನಲ್ಲಿ ಟೆಲಿಫೋನು ಜೋಡಿಸಿ ನಿವೃತ್ತನಾದವನು.
ಉದ್ಘಾಟನೆಗೆ ಓದಿ ಅಂತ ಕೈಗಿತ್ತರು ಒಂದು ಹಾಳೆ:
ಗ್ರಾಂಡ್‌ಮಾಸ್ಟರ್ ಲೆವ್ ಗ್ರುಜ್ದೇವ್, ವಯಸ್ಸು ಅರವತ್ತಾರು.
ಮಿನ್ಸ್ಕ್, ಎಪ್ಪತ್ತೇಳು, ಕಿರಿಯರಲ್ಲಿ ಮೊದಲು. ಬಹುಮಾನ ಒಂದು ರೇಡಿಯೊ.
ಟಾಲಿನ್, ಎರಡನೆಯದು. ಹವಾನಾ, ಎರಡನೆಯದು.
ಟಿಬಿಲಿಸಿ, ಎಂಬತ್ತಾರು: ಅರ್ಧ ಅಂಕ ಕಮ್ಮಿ.
ಆ ಅರ್ಧ ಅಂಕದಾಚೆ ಏನಿತ್ತೋ, ಹಾಳೆ ಹೇಳುವುದಿಲ್ಲ.
ತೊಂಬತ್ತೊಂದರ ಎದುರು ಬರೀ ಒಂದು ಗೆರೆ.
ಆಮೇಲೆ ಊರುಗಳು, ಬಸ್ಸಿನ ಬೋರ್ಡಿನ ಹಾಗೆ:
ಕೈರೋ, ಢಾಕಾ, ಯಾವುದೋ ಫ್ರೆಂಚ್ ಹಳ್ಳಿ, ಮತ್ತೆ ಢಾಕಾ,
ನಾಲ್ಕನೆಯದು, ಒಂಬತ್ತನೆಯದು, ಹದಿನೇಳು, ಮೂವತ್ತೊಂದು.
ಮೈಕಿನ ಮುಂದೆ ಟಿಬಿಲಿಸಿಗೇ ನಿಲ್ಲಿಸಿದೆ.
ಆತ ಕತ್ತು ಬಗ್ಗಿಸಿ ಕೂತಿದ್ದ,
ಬೇರೆ ಯಾರದೋ ಜಾತಕ ಕೇಳುವವನ ಹಾಗೆ.

ಎಲ್ಲರ ಮೇಜಿಗೂ ಪುಟ್ಟ ಬಾವುಟ. ಆತನದಕ್ಕಿಲ್ಲ,
ಈಗಿನ ನಿಯಮ. ಮರದ ಬಿಲ್ಲೆಯಲ್ಲಿ ಬರೀ ತೂತು.
ಎರಡನೇ ದಿನ ಅದಕ್ಕೆ ತನ್ನ ಪೆನ್ನು ಸಿಕ್ಕಿಸಿದ.

ನಾಲ್ಕನೇ ಸುತ್ತು ಸೋತ ಮೇಲೆ, ಹೊರಗೆ, ಬೈಟೂ ಕಾಫಿ.
ಅವನ ಹರಕು ಇಂಗ್ಲಿಷು, ನನ್ನ ಮುರುಕು.
ನಮ್ಮಲ್ಲಿ ಮೂಲೆಯ ಕಾಯಿ ಆನೆ, ಅಂದೆ.
ನಮ್ಮಲ್ಲಿ ಅದು ದೋಣಿ, ಅಂದ;
ಆನೆ ನಿಲ್ಲುವುದು ನಿಮ್ಮ ಒಂಟೆಯ ಮನೆಯಲ್ಲಿ.
ಮಂತ್ರಿ ಮಾತ್ರ ಎರಡೂ ಕಡೆ ಮಂತ್ರಿಯೇ.
'ಅದಕ್ಕೇ ಎರಡೂ ಕಡೆ ಹೀಗೆ' ಎಂದು ನಕ್ಕ,
ಒಂದು ಹಲ್ಲಿರಲಿಲ್ಲ.
ನಿಮ್ಮೂರಲ್ಲಿ ದೋಣಿ ಎಲ್ಲಿ ತೇಲುತ್ತದೆ, ಕೇಳಿದ.
ಮಳೆ ಬರಲಿ, ಓಕಳಿಪುರದ ಅಂಡರ್‌ಪಾಸಿಗೆ ಕರಕೊಂಡು ಹೋಗ್ತೀನಿ, ಅಂದೆ.

ಕೊನೆಯ ಸುತ್ತು. ಎದುರಿಗೆ ಮುನಿಯಲ್ಲಪ್ಪ,
ಸುಮನಹಳ್ಳಿ ಡಿಪೋ ಕಂಡಕ್ಟರು, ಒಂಬತ್ತು ದಿನ ಗಳಿಕೆ ರಜೆ.
ಮೂವತ್ತನಾಲ್ಕನೇ ನಡೆಗೆ ಆತ ಮುಖ ತೊಳೆಯಲು ಎದ್ದು ಹೋದ.
ಗ್ರುಜ್ದೇವ್ ಹನ್ನೊಂದು ನಿಮಿಷ ಕದಲಲಿಲ್ಲ.
ಆಮೇಲೆ ಬೆರಳು ಹೋಗಿ ಆನೆಯ ತಲೆಯ ಮೇಲೆ ಕೂತಿತು,
ಎತ್ತಿತು, ಒಂದು ಅಕ್ಕಿಕಾಳಿನಷ್ಟು.

ಆಗ ಕಂಡಿತು ಅವನಿಗೆ ಆ ಕುದುರೆ.
ನನಗೂ.

ಆನೆಗಿದ್ದದ್ದು ಎರಡೇ ಮನೆ, ಎರಡೂ ಸುಡುವ ಮನೆ.
ಪಕ್ಕದ ಬೋರ್ಡಿನ ಹುಡುಗ ತೂಕಡಿಸುತ್ತಿದ್ದ.
ಮೇಲೆ ಫ್ಯಾನು, ಕೆಳಗೆ ಗಡಿಯಾರ, ನಡುವೆ ನಾನು,
ಮುಟ್ಟಿದ ಕಾಯಿ ನಡೆಸು ಎನ್ನಬೇಕಾದ ಒಬ್ಬನೇ ಒಬ್ಬ.
ತಿರುಗಿಕೊಂಡೆ. ಮೂಲೆಯಲ್ಲಿ ಒಂದರ ಮೇಲೊಂದು
ಪೇರಿಸಿದ ಮದುಮಕ್ಕಳ ಕೆಂಪು ಕುರ್ಚಿಗಳನ್ನು
ಎಣಿಸಿದೆ. ಆರು. ಇನ್ನೊಮ್ಮೆ ಎಣಿಸಿದೆ.

ಹಿಂದಿರುಗಿ ನೋಡಿದರೆ ಆನೆ ನಡೆದಿತ್ತು.
ಗಡಿಯಾರ ಒತ್ತಿ ಆತ ಕೈ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡಿದ್ದ,
ಬೈಸಿಕೊಂಡ ಮಗುವಿನ ಹಾಗೆ.
ಮುನಿಯಲ್ಲಪ್ಪ ಬಂದ, ಟವೆಲಿನಿಂದ ಕತ್ತು ಒರೆಸುತ್ತ;
ಹನ್ನೆರಡು ರೂಪಾಯಿ ಟಿಕೆಟಿಗೆ ಐನೂರರ ನೋಟು ಚಾಚಿದವರನ್ನು
ನೋಡುವ ಹಾಗೆ ಬಹಳ ಹೊತ್ತು ಬೋರ್ಡನ್ನು ನೋಡಿದ.
ಆಮೇಲೆ ಕುದುರೆ ಎತ್ತಿದ.

ಬಹುಮಾನ ಹನ್ನೆರಡನೆಯವರವರೆಗೆ. ಗ್ರುಜ್ದೇವ್ ಹದಿನಾಲ್ಕು.
ಸಹಿ ಹಾಕಿ, ಕಾರ್ಬನ್ನಿನ ಹಳದಿ ಹಾಳೆ ಮಡಚಿ ಜೇಬಿಗಿಟ್ಟು,
ಮುನಿಯಲ್ಲಪ್ಪನ ಕೈ ಕುಲುಕಿ,
ತೂತಿನಿಂದ ಪೆನ್ನು ಕಿತ್ತುಕೊಂಡ.
ನನ್ನ ಕಡೆ ನೋಡಿದ. ನೋಡಲಿಲ್ಲವೋ.

ಮೇಜು ಎತ್ತುತ್ತಿದ್ದಾರೆ. ಬರುವ ವಾರ ಶ್ರಾವಣ,
ಹೂವಿನವನು ಆಗಲೇ ಕಂಬಗಳ ಅಳತೆ ತೆಗೆಯುತ್ತಿದ್ದಾನೆ.
ತೀರ್ಪುಗಾರರ ವರದಿ, ಕೊನೆಯ ಕಾಲಂ:
ವಿಶೇಷ ಘಟನೆಗಳು.
ಪೆನ್ನಿನ ಮುಳ್ಳು ಕಾಗದಕ್ಕೆ ತಾಗಿಬಿಟ್ಟಿತ್ತು.
ಎಳೆದೆ ಒಂದು ಗೆರೆ,
ತೊಂಬತ್ತೊಂದರ ಎದುರಿನದರಷ್ಟೇ ಉದ್ದ.